ಹಸಿರು ನಂಬರ್ ಪ್ಲೇಟಿನ ಗ್ರೈಂಡರು

ಮೈಸೂರಿನ ಕುಂಬಾರಕೊಪ್ಪಲಿನ ಒಂದು ಅಡ್ಡರಸ್ತೆಯಲ್ಲಿ ಸಂಜೆಯಿಂದ ಬೀದಿ ಮಲಗುವವರೆಗೆ ಕರೆಂಟಿನ ಮೇಲೆ ಮೊದಲ ಹಕ್ಕು ವಾಹನಗಳದ್ದು. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಬೀದಿಯವರೆಲ್ಲ ಕೆಲಸದಿಂದ ಬಂದು ಒಟ್ಟಿಗೇ ಹಸಿರು ನಂಬರ್ ಪ್ಲೇಟಿನ ಎಲೆಕ್ಟ್ರಿಕ್ ಸ್ಕೂಟರುಗಳನ್ನು ಚಾರ್ಜಿಗೆ ಹಾಕುತ್ತಿದ್ದರು, ಮೂಲೆಯ ಟ್ರಾನ್ಸ್‌ಫಾರ್ಮರು ಢಬ್ಬೆನ್ನುತ್ತಿತ್ತು. ಹೊಸ ಟ್ರಾನ್ಸ್‌ಫಾರ್ಮರಿಗಿಂತ ಹೊಸ ನಿಯಮ ಹಗುರವಾದ್ದರಿಂದ ವಿದ್ಯುತ್ ಕಚೇರಿ ಪ್ರಕಟಣೆ ಹೊರಡಿಸಿತು: "ಪರಿಸರದ ಹಿತದೃಷ್ಟಿಯಿಂದ ಸದರಿ ವೇಳೆಯಲ್ಲಿ ಹಸಿರು ನಂಬರ್ ಪ್ಲೇಟುಳ್ಳ ಸಾಧನಗಳಿಗೆ ಮಾತ್ರ ವಿದ್ಯುತ್ ಒದಗಿಸತಕ್ಕದ್ದು. ಸಾರ್ವಜನಿಕರು ಕತ್ತಲೆಯೊಂದಿಗೆ ಸಹಕರಿಸತಕ್ಕದ್ದು."

ಸಾರ್ವಜನಿಕರು ಸಹಕರಿಸಿದರು. ಇಡ್ಲಿ ಮಾರುವ ಸಿದ್ದಲಿಂಗಮ್ಮನವರಿಗೆ ಮಾತ್ರ ಆಗಲಿಲ್ಲ. ಹಿಟ್ಟನ್ನು ಮಧ್ಯಾಹ್ನ ರುಬ್ಬಿದರೆ ಹುಳಿ, ತಡವಾದರೆ ಹುದುಗುವುದಿಲ್ಲ. ಗಿರಾಕಿಗಳು ಒಬ್ಬೊಬ್ಬರೇ ಮುಖ್ಯರಸ್ತೆಯ ಹೋಟೆಲಿಗೆ ನುಸುಳುವುದನ್ನು ಕಂಡು ಅವರಿಗೆ ಹೊಟ್ಟೆ ಉರಿದುಹೋಯಿತು. ಸೀದಾ ಕಚೇರಿಗೆ ನುಗ್ಗಿದರು.

"ಸ್ವಾಮಿ, ಸಂಜೆ ಒಂದ್ ಗಳಿಗೆ ಕರೆಂಟ್ ಬುಡಿ. ಸ್ಕೂಟರ್ ಚಕ್ರಾನೂ ತಿರುಗ್ತದೆ, ನನ್ ಗ್ರೈಂಡರೂ ತಿರುಗ್ತದೆ. ಏನ್ ವ್ಯತ್ಯಾಸ?"

ಎಂಜಿನಿಯರ್ ಚಂದ್ರಮೌಳಿ ನ್ಯಾಯವಂತರು, ಜೊತೆಗೆ ಅವರ ಇಡ್ಲಿ ತಿಂದವರು. "ನಿಮ್ದು ಇದ್ದಲ್ಲೇ ತಿರುಗ್ತದೆ ಕಣಮ್ಮ. ಮುಂದಕ್ಕೆ ಹೋದ್ರೆ ವಾಹನ."

"ಎಷ್ಟು ಮುಂದಕ್ಕೆ?"

"ನಿಯಮದಲ್ಲಿ ಅಳತೆ ಹೇಳಿಲ್ಲ."

ವೆಲ್ಡಿಂಗ್ ಅಂಗಡಿಯವರ ಮಗ ರಾಹುಲ್ ಗ್ರೈಂಡರಿಗೆ ತಳ್ಳುಗಾಡಿಯ ಚಕ್ರ ಬೆಸೆದ. ಹೂವಿನ ಖರ್ಚು ಉಳಿಯಲೆಂದು ಕಚೇರಿಯ ಆಯುಧಪೂಜೆಯ ದಿನವೇ ತಪಾಸಣೆ ಇಟ್ಟರು. ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಸ್ವಿಚ್ ಹಾಕಿದರು. ಗ್ರೈಂಡರು ಗಡಗಡ ನಡುಗಿತು. ನಿಂಬೆಹಣ್ಣು ಪಚಕ್ಕೆಂದಿತು, ಗ್ರೈಂಡರು ಒಂದು ಗೇಣು ಮುಂದೆ ಹೋಗಿ ನಿಂತಿತು.

"ವಾಹನವೇ!" ಎಂದು ಚಂದ್ರಮೌಳಿ ಚಪ್ಪಾಳೆ ತಟ್ಟಿದರು. "ಎಷ್ಟು ಹಿಡಿಸ್ತದೆ?"

"ಅಕ್ಕಿ ನಾಲ್ಕು ಸೇರು, ಉದ್ದು ಒಂದು ಸೇರು."

"ಐದು ಸೀಟು," ಎಂದು ಬರೆದುಕೊಂಡು ಹಸಿರು ಪ್ಲೇಟು ಕೊಟ್ಟರು. "ರುಬ್ಬೋವಾಗ ಹೆಲ್ಮೆಟ್ ಕಡ್ಡಾಯ."

ಇಡ್ಲಿ ಮತ್ತೆ ಮಲ್ಲಿಗೆಯಾಯಿತು. ಆದರೆ ಬೀದಿಯವರೇನು ಕಣ್ಣು ಮುಚ್ಚಿಕೊಂಡಿದ್ದರೇ? ವಾರ ಕಳೆಯುವಷ್ಟರಲ್ಲಿ ಫ್ರಿಜ್ಜು, ಟೀವಿ, ಫ್ಯಾನು ಎಲ್ಲಕ್ಕೂ ಚಕ್ರ ಬಂತು, ಹಸಿರು ಪ್ಲೇಟು ಬಂತು. ಟ್ರಾನ್ಸ್‌ಫಾರ್ಮರು ಢಬ್ಬೆಂದಿತು. ಕಚೇರಿ ಕೂಲಂಕಷ ತನಿಖೆ ನಡೆಸಿ, ಹಸಿರು ಪ್ಲೇಟಿಲ್ಲದೆ ಇಷ್ಟು ದಿನ ಅಕ್ರಮವಾಗಿ ಕರೆಂಟು ಪಡೆಯುತ್ತಿದ್ದದ್ದು ಟ್ರಾನ್ಸ್‌ಫಾರ್ಮರೇ ಎಂದು ಪತ್ತೆಹಚ್ಚಿ ಅದನ್ನು ಜಪ್ತಿ ಮಾಡಿಕೊಂಡು ಹೋಯಿತು.

ಗ್ರೈಂಡರಿನಲ್ಲಿ ಅರ್ಧ ರುಬ್ಬಿದ ಹಿಟ್ಟು. ಸಿದ್ದಲಿಂಗಮ್ಮನವರಿಗೆ ಅಳುವೇ ಬಂತು. ರಾಹುಲ್ ಚಕ್ರದಿಂದ ಗುಂಡುಕಲ್ಲಿಗೆ ಒಂದು ಸೈಕಲ್ ಚೈನು ಬಿಗಿದ. ಗಾಡಿ ತಳ್ಳಿದರೆ ಕಲ್ಲು ತಿರುಗಿತು.

ಈಗ ಸಂಜೆಯಾದರೆ ಬೀದಿಯವರೆಲ್ಲ ಚಾರ್ಜಿಲ್ಲದ ಸ್ಕೂಟರುಗಳನ್ನು ಮನೆಯಲ್ಲೇ ಬಿಟ್ಟು ಗ್ರೈಂಡರು ತಳ್ಳುತ್ತಾರೆ. ಪಕ್ಕದ ಹಿನಕಲ್ ಮುಟ್ಟುವಷ್ಟರಲ್ಲಿ ಹಿಟ್ಟು ನುಣ್ಣಗೆ. ಚಂದ್ರಮೌಳಿಯವರೂ ಒಂದು ಕೈ ಹಾಕುತ್ತಾರೆ. ಹೆಲ್ಮೆಟ್ ಧರಿಸಿದ ಸಿದ್ದಲಿಂಗಮ್ಮನವರು ಪಕ್ಕದಲ್ಲೇ ನಡೆಯುತ್ತ ನೀರು ಚಿಮುಕಿಸುತ್ತಾರೆ.

"ಇವತ್ತು ಉದ್ದು ಜಾಸ್ತಿ ಬಿತ್ತು ಕಣ್ರಪ್ಪೋ," ಎಂದರು ನಿನ್ನೆ. "ಇನ್ನೂ ದೂರ, ಲಕ್ಷ್ಮೀಪುರಂಗಂಟ ತಳ್ಬುಡಿ."

ಸಾರ್ವಜನಿಕರು ಸಹಕರಿಸಿದರು.