ಹುಕ್ಕು ಹಾಕುವ ಆಯಿ

ಬಟ್ಟೆ ಹೊಲಿಯುವವರು ಸುಳ್ಳು ಹೇಳುತ್ತಾರೆ ಎಂಬ ಅಪವಾದವಿದೆ. ಸಿದ್ದಾಪುರದಲ್ಲಿ ಹನ್ನೊಂದು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡವಳಾಗಿ ಹೇಳುತ್ತೇನೆ, ಅದು ಅಪವಾದವಲ್ಲ, ನಿಜ. 'ನಾಡಿದ್ದು ಖಂಡಿತ ಕೊಡ್ತೇನೆ' ಎಂಬ ಮಾತು ಬಾಯಿಗೆ ಬರದವಳು ಈ ಕಸುಬಿಗೆ ಇಳಿಯಲೇಬಾರದು. ಆದರೆ ನನ್ನ ಅತಿ ದೊಡ್ಡ ಸುಳ್ಳು ಅದಲ್ಲ. 'ಅಂಗಡಿ ಪೂರಾ ನಾನೊಬ್ಬಳೇ ನೋಡ್ಕೊಳ್ತೇನೆ' ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತೇನಲ್ಲ, ಅದು. ಹಾಗೆ ಹೇಳುವಾಗ ನನ್ನ ಬೆನ್ನ ಹಿಂದೆಯೇ ಎಪ್ಪತ್ತು ದಾಟಿದ ನನ್ನ ಆಯಿ, ಅಂದರೆ ಹೆತ್ತ ತಾಯಿ, ಸ್ಟೂಲಿನ ಮೇಲೆ ಕೂತು ಬ್ಲೌಸುಗಳಿಗೆ ಹುಕ್ಕು ಹಾಕುತ್ತಿರುತ್ತಾಳೆ.

ಅವಳು ಮನ್ಮನೆ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ. ಯಾರೂ ಕರೆದದ್ದಲ್ಲ. ಅಂಗಡಿ ತೆರೆದ ಹೊಸತರಲ್ಲಿ 'ನೋಡ್ಕಂಡು ಹೋಗ್ತೆ' ಎಂದು ಬಂದಳು, ಇನ್ನೂ ನೋಡಿ ಮುಗಿದಿಲ್ಲ. ಅವಳಿಂದ ನನಗೆ ತೊಂದರೆಯೇ ಇಲ್ಲವೆಂದಲ್ಲ. ಗಿರಾಕಿ ಅಳತೆಗೆಂದು ಹಳೇ ಬ್ಲೌಸ್ ಕೊಟ್ಟ ಕೂಡಲೇ, 'ಎರಡು ಬೆರಳು ಜಾಸ್ತಿ ಬಿಡೆ, ಇವಕ್ಕೆ ಮೈ ಬೈಂದು' ಎಂದು ಅವರು ದಪ್ಪಗಾದದ್ದನ್ನು ಅವರೆದುರೇ ಹೇಳಿಬಿಡುತ್ತಾಳೆ. ಇನ್ನು ಚೂರು ಬಟ್ಟೆಯ ಹುಚ್ಚು ಬೇರೆ. ನಾನು ಕತ್ತರಿಸಿ ಉಳಿದದ್ದನ್ನೆಲ್ಲ ಹೆಕ್ಕಿ ಹೆಕ್ಕಿ ಇಡುತ್ತಾಳೆ. ಕೇಳಿದರೆ 'ಬೇಕಾಗ್ತು' ಎಂಬ ಒಂದೇ ಉತ್ತರ. ಹತ್ತು ದಿನದ ಹಿಂದೆ ನನಗೆ ಸಿಟ್ಟು ಬಂದು, 'ಆಯಿ, ಇದು ಅಂಗಡಿ, ಗುಜರಿ ಅಲ್ಲ' ಎಂದು ಗದರಿದೆ. ಮರುದಿನ ಕೇಳಿದ್ದಕ್ಕೆ 'ಎಲ್ಲಾ ಬಿಸಾಕಿ ಆತು' ಅಂದಳು. ಸುಳ್ಳು ಹೇಳುವ ಗುಣ ನನಗೆ ಎಲ್ಲಿಂದ ಬಂತೆಂದು ಆಮೇಲೆ ಗೊತ್ತಾಯಿತು.

ಮೊನ್ನೆ ಹುಲಗೋಳದ ಮದುಮಗಳೊಬ್ಬಳ ರೇಷ್ಮೆ ಬ್ಲೌಸು ಹೊಲಿಯುತ್ತಿದ್ದೆ. ಸೀರೆಯ ತುದಿಯಿಂದಲೇ ಕತ್ತರಿಸಿದ ಬಟ್ಟೆ, ಇನ್ನೊಂದು ಗೇಣು ಬೇಕೆಂದರೆ ಯಾವ ಪೇಟೆಯಲ್ಲೂ ಸಿಗದು. ಮರುದಿನ ಮದುವೆ. ಮಧ್ಯಾಹ್ನ ಮೂರಕ್ಕೆ ಹುಡುಗಿಯ ತಾಯಿ ಒಯ್ಯಲು ಬರುವವರಿದ್ದರು. ಹನ್ನೆರಡಕ್ಕೆ ತೋಳು ಜೋಡಿಸಲು ಕೂತು ನೋಡುತ್ತೇನೆ, ಎರಡೂ ಎಡಗೈಯವು. ತೋಳಿನ ಮುಂಭಾಗ ತುಸು ಹೆಚ್ಚು ಕೊರೆಯಬೇಕು, ಹಿಂಭಾಗ ಕಡಿಮೆ. ಬಟ್ಟೆ ಮಡಚದೆ ಒಂದೇ ಮುಖಕ್ಕೆ ಎರಡು ಸಲ ಕತ್ತರಿಸಿದರೆ ಹೀಗಾಗುತ್ತದೆ ಎಂದು ಕಲಿಯಲು ಬಂದವರಿಗೆ ಮೊದಲ ವಾರವೇ ಹೇಳಿಕೊಡುತ್ತೇನೆ. ಹಿಂದಿನ ದಿನ ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ಕತ್ತರಿ ಆಡಿಸಿದವಳಿಗೆ ತನ್ನ ಪಾಠ ತನಗೇ ನೆನಪಾಗಿರಲಿಲ್ಲ.

ನಮ್ಮ ಕಡೆ ಮದುವೆಯ ಬ್ಲೌಸು ಕೆಟ್ಟ ಸುದ್ದಿ ಸಂಜೆಯೊಳಗೆ ಶಿರಸಿ ದಾಟಿ ಯಲ್ಲಾಪುರ ಮುಟ್ಟುತ್ತದೆ. ಹನ್ನೊಂದು ವರ್ಷದ ಹೆಸರು ಹೋಯಿತೆಂದು ತಲೆ ಹಿಡಿದು ಕೂತೆ. 'ಎಂತ ಆತೆ ಮಗಳೆ?' ಎಂದು ಆಯಿ ಬಂದು ಎರಡೂ ತೋಳು ಹಿಡಿದು ನೋಡಿದಳು. ಬೈಯುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಅವಳು ಬೈಯಲಿಲ್ಲ. ತಾನು ಸ್ಟೂಲಿನ ಮೇಲೆ ಹಾಕಿಕೊಂಡು ಕೂರುವ ದಿಂಬನ್ನು ಎತ್ತಿ, ಅದರ ಬಾಯಿ ಬಿಡಿಸಿ, ಒಳಗೆ ಕೈ ಹಾಕಿದಳು. 'ಬಿಸಾಕಿ ಆತು' ಎಂದ ಚೂರುಗಳೆಲ್ಲ ಅಲ್ಲಿದ್ದವು, ಹಿಂದಿನ ದಿನದವೂ ಸೇರಿ! ಒಂದು ವಾರದಿಂದ ಅವುಗಳ ಮೇಲೇ ಕೂತಿದ್ದಳು. ಹುಡುಕಿ ಹುಡುಕಿ ಅದೇ ರೇಷ್ಮೆಯ ಎರಡು ಬೆರಳಗಲದ ತುಂಡು ತೆಗೆದಳು. ಒಂದು ತೋಳನ್ನು ಬಲಗೈಗೆ ತಿರುಗಿಸಿ, ಮುಂದೆ ತುಸು ಕೊರೆದು, ಹಿಂದೆ ಬಟ್ಟೆ ಕಡಿಮೆ ಬಿದ್ದಲ್ಲಿ ಆ ತುಂಡು ಇಟ್ಟು ಕೈಯಲ್ಲೇ ಹೊಲಿದಳು. ಜೋಡಿಸಿದ ಗೆರೆ ಕಂಕುಳ ಮರೆಗೆ ಹೋಯಿತು. ಹುಡುಕಿದರೂ ನನಗೆ ಕಾಣಲಿಲ್ಲ.

ಮೂರಕ್ಕೆ ಸರಿಯಾಗಿ ಹುಡುಗಿಯ ತಾಯಿ ಬಂದರು. ಬ್ಲೌಸು ಬಿಡಿಸಿ ನೋಡಿ, 'ನಿಮ್ಮ ಕೈ ಅಂದ್ರೆ ಕೈ ನೋಡಿ' ಎಂದರು. ನಾನು ನಾಚಿಕೆಯಿಲ್ಲದೆ ನಕ್ಕೆ. ಹೊರಡುವಾಗ ಅವರ ಕಣ್ಣು ಆಯಿಯ ಮೇಲೆ ಬಿತ್ತು. 'ಅಮ್ಮಾ, ಮಗಳು ಇಷ್ಟು ಚಂದ ಹೊಲೀತಾರೆ, ನೀವೆಂತ ತೇಪೆ ಹಾಕಿದ ಬ್ಲೌಸ್ ಹಾಕ್ಕಂಡಿದ್ದು?' ಎಂದರು. ಆಯಿ ತಲೆಯೆತ್ತದೆ, 'ಯಂಗೆ ಹಳೇದೇ ಹಿತ' ಎಂದಳು.

ಹಿತವೂ ಇಲ್ಲ, ಮಣ್ಣೂ ಇಲ್ಲ. ಹೋದ ದೀಪಾವಳಿಗೆ ಅವಳು ಕೊಟ್ಟ ಹಸಿರು ಬಟ್ಟೆ ನನ್ನ ಕಪಾಟಿನಲ್ಲೇ ಇತ್ತು. ಮೂರು ಸಲ ಕೇಳಿದ್ದಳು, ಮೂರು ಸಲವೂ 'ನಾಡಿದ್ದು' ಎಂದಿದ್ದೆ. ಸಂಜೆ ಅವಳು ಬಸ್ಸಿಗೆ ಹೊರಟಾಗ ಅವಳ ಚೀಲ ಹಿಡಿದು ನಿಲ್ಲಿಸಿದೆ. 'ಆಯಿ, ನೀನಿಲ್ಲದಿದ್ರೆ ಇವತ್ತು ನನ್ನ ಕಥೆ ಮುಗೀತಿತ್ತು' ಎಂದೆ. 'ಬಸ್ಸು ತಪ್ತು, ಚೀಲ ಕೊಡು' ಎಂದಳು.

ಅವಳು ಹೋದ ಮೇಲೆ ಉಳಿದ ಗಿರಾಕಿಗಳ ಬಟ್ಟೆಯನ್ನೆಲ್ಲ ಪಕ್ಕಕ್ಕಿಟ್ಟು ಆ ಹಸಿರು ಬ್ಲೌಸು ಹೊಲಿದೆ. ಬೆಳಿಗ್ಗೆ ಅವಳು ಬಂದು ಸ್ಟೂಲಿನ ಮೇಲೆ ಕೂರುವ ಮೊದಲೇ ಕೈಗಿಟ್ಟೆ. ತಿರುಗಿಸಿ ನೋಡಿದಳು. ತೋಳು ಒಂದು ಎಡಗೈಯದು, ಒಂದು ಬಲಗೈಯದು ಎಂದು ಖಾತ್ರಿ ಮಾಡಿಕೊಂಡಳು. ಮುಖ ಅರಳಿತು. ಆಮೇಲೆ ಕನ್ನಡಕ ಏರಿಸಿಕೊಂಡು ಸೂಜಿಗೆ ದಾರ ಪೋಣಿಸತೊಡಗಿದಳು. 'ಅದೆಂತಕ್ಕೆ?' ಎಂದೆ. ಬ್ಲೌಸಿನ ಎದೆಭಾಗ ಬಿಡಿಸಿ ತೋರಿಸಿದಳು. ಹುಕ್ಕು ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಹುಕ್ಕೂ ಹಾಕದವಳಿಗೆ ಅದೂ ಒಂದು ಕೆಲಸವೆಂದು ಹೊಳೆದೇ ಇರಲಿಲ್ಲ.

'ಕೊಡು ಆಯಿ, ನಾನೇ ಹಾಕ್ತೆ' ಎಂದು ಕೈ ಚಾಚಿದೆ.

'ಬ್ಯಾಡ, ನೀ ಹಾಕಿರೆ ನಾಡಿದ್ದು ಆಗ್ತು' ಎಂದು ಆಯಿ ಮೊದಲ ಹುಕ್ಕು ಕೈಗೆತ್ತಿಕೊಂಡಳು.