ಅರವತ್ತು ಅಂಕಿಯ ಗುಟ್ಟು

ಪುಷ್ಕರನ ಕಷ್ಟಕ್ಕೆಲ್ಲ ಮೂಲ ಅವನ ಅಡುಗೆಮನೆ ಗೋಡೆಯ ಒಂದು ಬಿರುಕು. ವಿಷುವಿನ ಹೊತ್ತಿಗೆ ಅದರಲ್ಲಿ ಒಂದು ಕೂದಲು ಹೋಗುತ್ತಿತ್ತು. ಓಣಂ ಕಳೆಯುವಷ್ಟರಲ್ಲಿ ಹೆಂಡತಿ ವಿಲಾಸಿನಿ ಅದರೊಳಗೆ ಸೌಟು ಸಿಕ್ಕಿಸತೊಡಗಿದಳು. ಮನೆಯ ಹಿಂದೆ ಹೊಳೆ, ಹೊಳೆಯಲ್ಲಿ ಗುತ್ತಿಗೆದಾರ ಲೋನಪ್ಪನ ಮರಳು ಲಾರಿಗಳು. ದಿನಕ್ಕೆ ಪಾಸು ಇದ್ದದ್ದು ಹತ್ತು ಲಾರಿಗೆ, ಹೋಗುತ್ತಿದ್ದದ್ದು ನಲವತ್ತು. ದಂಡೆ ಕುಸಿಯುತ್ತ ಕುಸಿಯುತ್ತ ಹಿತ್ತಲಿನ ಎರಡು ತೆಂಗು ನುಂಗಿ ಈಗ ಒರಳುಕಲ್ಲಿನವರೆಗೆ ಬಂದಿತ್ತು.

"ಬರೋ ಮಳೆಗಾಲಕ್ಕೆ ನಾವು ಹೊಳೇಲೇ ಗಂಜಿ ಕಾಯಿಸ್ಕೊಳ್ಳೋದು," ಎಂದಳು ವಿಲಾಸಿನಿ. "ಪಂಚಾಯತಿ ಗುಮಾಸ್ತ ಅಂತ ಇದ್ದೀರಲ್ಲ, ಬಾಯಲ್ಲೇನು ಕಡುಬು ತುರುಕ್ಕೊಂಡಿದ್ದೀರಾ?"

ಆ ಮಾತು ಚುಚ್ಚಿತು. ಅಂದೇ ಲೋನಪ್ಪನ ಮರಳು ಪಾಸಿನ ಪುಸ್ತಕ ತಿಂಗಳ ಲೆಕ್ಕದ ಮೊಹರಿಗೆಂದು ಪುಷ್ಕರನ ಮೇಜಿಗೆ ಬಂದಿತ್ತು. ಒಂದೊಂದು ಪಾಸಿನ ತಾರೀಕನ್ನೂ ನಾಲ್ಕು ಸಲ ತಿದ್ದಿದ್ದು ಕುರುಡನಿಗೂ ಕಾಣುವಂತಿತ್ತು. ಸಂಜೆ ಐದಕ್ಕೆ ಪುಸ್ತಕ ವಾಪಸು ಹೋಗುತ್ತದೆ, ಹೋದ ಮೇಲೆ ಲೋನಪ್ಪನ್ ಅದನ್ನು ಸುಟ್ಟುಬಿಡುತ್ತಾನೆ. ತಿಂಗಳು ತಿಂಗಳೂ ಇದೇ ಪದ್ಧತಿ. ಪುಷ್ಕರನ್ ಹದಿನಾರು ಫೋಟೊ ಹೊಡೆದುಕೊಂಡ.

ಮರಳು ದಂಧೆಯ ಬೆನ್ನು ಹತ್ತಿದ್ದ ತೃಶೂರಿನ ಪತ್ರಿಕೆಯೊಂದರ ವರದಿಗಾರ್ತಿ ಡೆಲ್ನಾ ಹಿಂದಿನ ವಾರವೇ ಅವನನ್ನು ಅಣ್ಣನೆಂದು ಕರೆದು ಪಾಠ ಹೇಳಿದ್ದಳು. "ಪುಷ್ಕರೇಟ್ಟಾ, ಮಾಮೂಲಿ ಮೆಸೇಜ್ ಬೇಡವೇ ಬೇಡ. ನಾನು ಹೇಳೋ ಆ್ಯಪ್ ಹಾಕ್ಕೊಳ್ಳಿ. ಅದರಲ್ಲಿ ಕಳಿಸಿದ್ದನ್ನ ನಾವಿಬ್ಬರು ಬಿಟ್ರೆ ದೇವರಿಗೂ ಓದಕ್ಕಾಗಲ್ಲ. ಒಂದು ವಾರಕ್ಕೆ ತಾನಾಗೇ ಅಳಿಸಿಹೋಗೋ ಹಾಗೆ ಇಡಿ. ಕಳಿಸಿದ ಮೇಲೆ ನಿಮ್ಮ ಫೋನಲ್ಲಿರೋ ಫೋಟೊ ಪೂರಾ ತೆಗೆದುಬಿಡಿ."

ಕಡತದ ಕೋಣೆಯ ಬಾಗಿಲು ಹಾಕಿಕೊಂಡು ಪುಷ್ಕರನ್ ಆ್ಯಪ್ ಇಳಿಸಿದ. 'ಒಂದು ವಾರ' ಎಂದು ಒತ್ತಬೇಕಾದಲ್ಲಿ ಹಿಂದೆಮುಂದೆ ನೋಡಿದ. ಒಂದು ವಾರವೇ! ನಮ್ಮ ಇಲಂಜಿಕ್ಕಡವಿನಲ್ಲಿ ಯಾರಾದರೂ ಸತ್ತರೆ ಹೆಣ ತಣ್ಣಗಾಗುವ ಮೊದಲೇ ಸುದ್ದಿ ಮೂರು ಬೀದಿ ಸುತ್ತಿ ಬಂದಿರುತ್ತದೆ. ಅವನು 'ಐದು ನಿಮಿಷ' ಎಂದು ಒತ್ತಿದ. ಜೀವ ತಣ್ಣಗಾಯಿತು.

ತಣ್ಣಗಿದ್ದದ್ದು ಒಂದೇ ಗಳಿಗೆ. ಫೋನು ಟಣ್ ಎಂದಿತು. ಆ ಆ್ಯಪಿನ ಒಂದು ಗುಣವನ್ನು ಡೆಲ್ನಾ ಹೇಳಿರಲಿಲ್ಲ. ನೀವು ಒಳಗೆ ಕಾಲಿಟ್ಟ ಕೂಡಲೇ, ನಿಮ್ಮ ನಂಬರ್ ಇಟ್ಟುಕೊಂಡು ಮೊದಲೇ ಒಳಗೆ ಕೂತಿರುವವರಿಗೆಲ್ಲ ಅದು ಡಂಗುರ ಹೊಡೆಯುತ್ತದೆ. ಗುಟ್ಟು ಕಾಯುವವನ ಲಕ್ಷಣವೇ ಇದು! ಬಂದಿದ್ದ ಸಂದೇಶ ಸಾಕ್ಷಾತ್ ಲೋನಪ್ಪನದು.

"ಬಾ ಪುಷ್ಕರಾ! ನೀನೂ ಬಂದ್ಯಾ? ನಮ್ಮ ಲಾರಿಯವರೆಲ್ಲ ಇಲ್ಲೇ ಇದ್ದೀವಿ. ಪೊಲೀಸರಪ್ಪನಿಗೂ ಗೊತ್ತಾಗಲ್ಲ. ಅದ್ಸರಿ, ನಿನಗ್ಯಾಕಪ್ಪ ಗುಟ್ಟು?"

ಪುಷ್ಕರನ್ ಬೆವೆತುಹೋದ. ಲೋನಪ್ಪನೂ ಇದರೊಳಗೇ ಇದ್ದಾನೆಂದರೆ, ಇದರಲ್ಲಿ 'ಡೆಲ್ನಾ' ಎಂದು ಕಾಣಿಸುತ್ತಿರುವುದೂ ಅವನೇ ಆಗಿದ್ದರೆ? ಅದಕ್ಕೂ ಅವಳು ಉಪಾಯ ಹೇಳಿದ್ದಳು. ಇಬ್ಬರ ಫೋನಿನಲ್ಲೂ ಅರವತ್ತು ಅಂಕಿ ಮೂಡಿರುತ್ತವೆ, ಫೋನ್ ಮಾಡಿ ಓದಿ ತಾಳೆ ನೋಡಬೇಕು, ಒಂದಕ್ಕೊಂದು ಹೊಂದಿದರೆ ನಡುವೆ ಬೇರೆ ಯಾರೂ ಇಲ್ಲವೆಂದು ಅರ್ಥ. ಆದರೆ ಕಡತದ ಕೋಣೆಯಲ್ಲಿ ಮಾತಾಡುವಷ್ಟು ಸಿಗ್ನಲ್ ಇಲ್ಲ. ಊರಲ್ಲಿ ಸಿಗ್ನಲ್ ನೆಟ್ಟಗೆ ಸಿಗುವುದು ಮೊಯ್ದುಕ್ಕನ ಚಹಾದಂಗಡಿಯ ಹಿಂದೆ, ಪಪಾಯಿ ಗಿಡದ ಬುಡದಲ್ಲಿ.

ಅಲ್ಲಿ ಹೋಗಿ ನಿಂತು ಅವನು ಪಿಸುಗುಟ್ಟಿದ.

"ಕೇಳಿಸ್ತಿಲ್ಲ ಪುಷ್ಕರೇಟ್ಟಾ, ಬಸ್ಸಲ್ಲಿದ್ದೀನಿ," ಎಂದಳು ಡೆಲ್ನಾ. "ಜೋರಾಗಿ!"

"ಏಳು ಸೊನ್ನೆ ಒಂದು ಎಂಟು ನಾಲ್ಕು…"

"ಇನ್ನೂ ಜೋರಾಗಿ!"

ಕೊನೆಕೊನೆಗೆ ಪುಷ್ಕರನ್ ಕೂಗುತ್ತಿದ್ದ. "ಆರು! ಮೂರು! ಒಂದು! ಏಳು! ನಾಲ್ಕು!"

"ಎಲ್ಲ ಸರಿ ಇದೆ! ಕಳಿಸಿ!"

ಗೆದ್ದೆನೆಂದು ಅವನು ತಿರುಗಿದರೆ ಗಿಡದಾಚೆ ಮೂರು ಜನ ನಿಂತಿದ್ದರು. ಚಹಾದ ಲೋಟ ಹಿಡಿದ ಮೊಯ್ದುಕ್ಕ, ಎದೆಗೆ ಲಾಟರಿ ಟಿಕೆಟಿನ ಹಲಗೆ ಅವುಚಿಕೊಂಡ, ಊರಿಗೆಲ್ಲ ಅಕ್ಕನಾದ ಕಾರ್ತ್ಯಾಯಿನಿ ಚೇಚಿ, ಮತ್ತು ಅರ್ಧ ಕಚ್ಚಿದ ಪರಿಪ್ಪುವಡೆಯೊಂದಿಗೆ ಲೋನಪ್ಪನ್.

"ಯಾರಿಗೋ ನಂಬರ್ ಓದಿದ್ದು?" ಎಂದ ಲೋನಪ್ಪನ್.

ಪುಷ್ಕರನ್ ಅತ್ತಿತ್ತ ನೋಡಿದ. ಅವನ ಕಣ್ಣು ಕಾರ್ತ್ಯಾಯಿನಿ ಚೇಚಿಯ ಹಲಗೆಯ ಮೇಲೆ ಬಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ.

"ಲಾ… ಲಾಟರಿ. ಪಾಲಕ್ಕಾಡಲ್ಲಿ ಒಬ್ಬರು ಜ್ಯೋತಿಷಿ ಇದ್ದಾರೆ."

"ಜ್ಯೋತಿಷಿ ಹೇಳೋದಾದ್ರೆ ನೀನ್ಯಾಕೋ ಕೂಗ್ತಿದ್ದೆ?"

"ತಪ್ಪಬಾರದಲ್ಲ, ಅದಕ್ಕೇ ತಿರುಗಿ ಒಪ್ಪಿಸ್ತಿದ್ದೆ."

ಲೋನಪ್ಪನ್ ತೊಡೆ ತಟ್ಟಿದ. "ಕಳ್ಳ ನನ್ಮಗನೇ! ಅದಕ್ಕೇನಾ ಬೆಳಿಗ್ಗೆ ಗುಟ್ಟಿನ ಆ್ಯಪ್ ಹಾಕ್ಕೊಂಡಿದ್ದು? ಒಬ್ನೇ ತಿನ್ನೋಣ ಅಂತಿದ್ದೆ, ಹೌದಾ?"

"ಕೊನೇ ನಾಲ್ಕು ಅಂಕಿ ಮೂರು ಒಂದು ಏಳು ನಾಲ್ಕು," ಎಂದಳು ಕಾರ್ತ್ಯಾಯಿನಿ ಚೇಚಿ, ಆಗಲೇ ಅಂಗೈ ಮೇಲೆ ಬರೆದುಕೊಂಡು. ಟಿಕೆಟಿನ ಕೊನೆಯ ನಾಲ್ಕು ಅಂಕಿ ಹೊಂದಿದರೂ ಐದು ಸಾವಿರ ಬರುತ್ತದೆಂದು ನಮ್ಮೂರಿನ ಎಳೆಮಗುವಿಗೂ ಗೊತ್ತು. ಮೂರು ಗಂಟೆಗೆ ಡ್ರಾ. ಅರ್ಧ ಗಂಟೆಯಲ್ಲಿ ಸುತ್ತಮುತ್ತಲ ಪೇಟೆಗಳಿಂದ 3174ರ ಟಿಕೆಟುಗಳು ಆಟೊ ಹತ್ತಿ ಬಂದವು. ಲೋನಪ್ಪನ್ ಒಬ್ಬನೇ ನಲವತ್ತು ಕೊಂಡ. ಮಸೀದಿ ರಸ್ತೆಯವರು, ಚರ್ಚಿನ ಬೀದಿಯವರು, ಪಂಚಾಯತಿಯ ಪ್ಯೂನ್, ಎಲ್ಲರೂ ಕೊಂಡರು. ಅನುಮಾನ ಬರಬಾರದೆಂದು ಪುಷ್ಕರನ್ ತಾನೂ ಒಂದು ಕೇಳಿದ.

"ಅಯ್ಯೋ, ಒಂದೂ ಉಳಿದಿಲ್ವಲ್ಲ ಪುಷ್ಕರಾ," ಎಂದಳು ಕಾರ್ತ್ಯಾಯಿನಿ ಚೇಚಿ.

ಅವನು ಕಡತದ ಕೋಣೆಗೆ ಓಡಿದ. ಕಿಟಕಿಯ ಹೊರಗೆ ಕೈ ಚಾಚಿ ಹೇಗೋ ಹದಿನಾರು ಫೋಟೊಗಳನ್ನೂ ಡೆಲ್ನಾಗೆ ಕಳಿಸಿದ. ಹೇಳಿಕೊಟ್ಟಂತೆ ಫೋನಿನಿಂದ ಅಳಿಸಿದ, ಕಸದ ಬುಟ್ಟಿಯಿಂದಲೂ ಅಳಿಸಿದ. ಸದ್ಯ, ಒಂದು ಕೆಲಸವಾದರೂ ಆಯಿತು.

ಇನ್ನು ಮೂರು ಗಂಟೆಯ ಚಿಂತೆ. ನಂಬರ್ ಹೊಡೆಯದಿದ್ದರೆ ಊರವರು ಅವನ ಮೂಳೆ ಎಣಿಸುತ್ತಾರೆ. ಗುರುವಾಯೂರಪ್ಪಾ, ಹೇಗಾದರೂ ಹೊಡೆಸಪ್ಪಾ ಎಂದು ಮೇಜಿನ ಕೆಳಗೆ ಕೈ ಮುಗಿದ. ಐವತ್ತನಾಲ್ಕು ವರ್ಷದಲ್ಲಿ ಅವನ ಒಂದು ಮೊರೆಯನ್ನೂ ಕೇಳದ ದೇವರು ಅವತ್ತು ಕೇಳಿಬಿಟ್ಟ.

"ಹೊಡೀತೂ!" ಎಂಬ ಕೂಗಿಗೆ ಮೊಯ್ದುಕ್ಕನ ಅಂಗಡಿಯ ಹಂಚು ನಡುಗಿತು. ಜನ ಬಂದು ಪುಷ್ಕರನನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋದರು. ಲೋನಪ್ಪನ್ ಅವನಿಗೆ ಚೆಂಡುಹೂವಿನ ಹಾರ ಹಾಕಿ ಕೆನ್ನೆಗೆ ಮುತ್ತು ಕೊಟ್ಟ. ಮರಳಿನ ವಾಸನೆ, ಬ್ರಾಂದಿಯ ವಾಸನೆ.

ನಾಲ್ಕು ಗಂಟೆಗೆ ಒಂದು ಕಾರು ಬಂದು ನಿಂತಿತು. ಫೋಟೊಗ್ರಾಫರನೊಂದಿಗೆ ಡೆಲ್ನಾ ಇಳಿದಳು. ಪುಷ್ಕರನಿಗೆ ಹೋದ ಜೀವ ಬಂದಂತಾಯಿತು. ಗದ್ದಲದ ನಡುವೆ ಅವಳ ಹತ್ತಿರ ಸರಿದು ಕೇಳಿದ. "ಬಂದ್ಯಾ ಮಗಳೇ? ಪಾಸು ನೋಡಿದ್ಯಾ?"

"ತೆರೆದೆ ಪುಷ್ಕರೇಟ್ಟಾ. ಅಷ್ಟರಲ್ಲಿ ಸಂಪಾದಕರ ಫೋನು. ಇಲಂಜಿಕ್ಕಡವಲ್ಲಿ ಊರಿಗೂರೇ ಲಾಟರಿ ಹೊಡೆದಿದೆಯಂತೆ, ಮರಳು ನಾಳೇನೂ ಇರುತ್ತೆ, ನೀನು ಮೊದಲು ಅಲ್ಲಿಗೆ ಓಡು ಅಂದ್ರು. ಕಾರಲ್ಲಿ ನೋಡೋಣ ಅಂತ ತೆಗೆದ್ರೆ ಒಂದು ಫೋಟೊನೂ ಇಲ್ಲ! ಒಂದು ವಾರ ಇಟ್ಟಿದ್ರಿ ತಾನೇ?"

"ಐದು ನಿಮಿಷ," ಎಂದ ಪುಷ್ಕರನ್. ದನಿ ಬಾವಿಯೊಳಗಿಂದ ಬಂದಂತಿತ್ತು.

ಅವಳು ಹಣೆ ಚಚ್ಚಿಕೊಂಡಳು. "ಹೋಗಲಿ, ಪುಸ್ತಕ ಐದರವರೆಗೂ ನಿಮ್ಮ ಹತ್ರಾನೇ ಇರುತ್ತಲ್ಲ? ಓಡಿ, ಮತ್ತೆ ತೆಗೀರಿ!"

ಹಾರದ ಸಮೇತ ಪುಷ್ಕರನ್ ಓಡಿದ. ಮೇಜು ಖಾಲಿ. ಪ್ಯೂನ್ ಹಲ್ಲು ಬಿಟ್ಟುಕೊಂಡು ನಿಂತಿದ್ದ.

"ಲೋನಪ್ಪನ್ ಚೇಟ್ಟನ ಪುಸ್ತಕಾನಾ? ನಾನೇ ಮೊಹರು ಒತ್ತಿ ಕೊಟ್ಟು ಕಳಿಸಿದೆ. ಇವತ್ತು ನೀವು ಕೈ ನೋಯಿಸ್ಕೋಬಾರದು ಸಾರ್! ನನಗೂ ಮೂರು ಟಿಕೆಟ್ ಹೊಡೀತು!"

ಅವನು ಏದುಸಿರು ಬಿಡುತ್ತ ವಾಪಸು ಬರುವಾಗ ಲೋನಪ್ಪನ್ ಪಟಾಕಿ ಸರಕ್ಕೆ ಬೆಂಕಿ ಹಚ್ಚುತ್ತಿದ್ದ. ಹಚ್ಚುತ್ತಿದ್ದದ್ದು ಸುರುಳಿ ಸುತ್ತಿದ ಒಂದು ಹಾಳೆಯಿಂದ. ಹಾಳೆಯ ಮೂಲೆಯಲ್ಲಿ ಪಂಚಾಯತಿಯ ಮೊಹರು ಕೆಂಪಗೆ ಉರಿಯುತ್ತಿತ್ತು. ಉಳಿದ ಪುಸ್ತಕ ಕಾಲ ಬಳಿ ಆಗಲೇ ಬೂದಿ.

"ಬಾರೋ, ಫೋಟೊಗೆ ನಿಂತ್ಕೋ!" ಎಂದು ಲೋನಪ್ಪನ್ ಅವನ ಹೆಗಲ ಮೇಲೆ ಕೈ ಹಾಕಿದ. "ಬರ್ಕೊಳಮ್ಮ ಮಗಳೇ. ನಾವಿಬ್ಬರೂ ಜೀವದ ಗೆಳೆಯರು. ಈ ದುಡ್ಡಲ್ಲಿ ಇನ್ನೊಂದು ಲಾರಿಗೆ ಮುಂಗಡ ಕೊಡ್ತೀನಿ. ಅದರ ಹಣೆ ಮೇಲೆ ಪುಷ್ಕರನ್ ಅಂತಲೇ ಬರೆಸ್ತೀನಿ!"

"ಸ್ವಲ್ಪ ನಗಿ ಸಾರ್," ಎಂದ ಫೋಟೊಗ್ರಾಫರ್. ಡೆಲ್ನಾ ಮುಖ ತಿರುಗಿಸಿಕೊಂಡು ಬರೆದುಕೊಂಡಳು. ಪುಷ್ಕರನಿಗೆ ಅಳು ಬಂತು. ಆನಂದಬಾಷ್ಪ ಎಂದು ಜನ ಚಪ್ಪಾಳೆ ತಟ್ಟಿದರು.

ದೀಪ ಹಚ್ಚುವ ಹೊತ್ತಿಗೆ ಅವನು ಮನೆಗೆ ಬಂದ. ವಿಲಾಸಿನಿ ಅಡುಗೆಮನೆಯ ಬಾಗಿಲಲ್ಲೇ ಕಾದಿದ್ದಳು. ಎಷ್ಟೋ ವರ್ಷದ ಮೇಲೆ ಅವಳ ಮುಖದಲ್ಲಿ ನಗು ಕಂಡಿತು.

"ಊರಿಗೆಲ್ಲ ನೀವೇ ಹೊಡೆಸಿಕೊಟ್ರಂತೆ! ನಮಗೆಷ್ಟು ಬಂತು? ಗೋಡೆ ಕಟ್ಟಿಸಕ್ಕೆ ಸಾಕಾಗುತ್ತಾ?"

"ಟಿಕೆಟ್ ಉಳಿದಿರಲಿಲ್ಲ ವಿಲಾಸಿನಿ."

ಅವಳು ಕೈಯಲ್ಲಿದ್ದ ಸೌಟನ್ನು ಮತ್ತೆ ಬಿರುಕಿಗೆ ಸಿಕ್ಕಿಸಿದಳು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು. ಜೇಬಿನಲ್ಲಿ ಫೋನು ಟಣ್ ಎಂದಿತು. ಗುಟ್ಟಿನ ಆ್ಯಪಿನಲ್ಲಿ ಲೋನಪ್ಪನ್ ಕೇಳಿದ್ದ: "ಪುಷ್ಕರಾ, ನಾಳೆ ನಂಬರ್ ಎಷ್ಟು?"

ಹಿತ್ತಲ ಕಡೆ ಒಂದು ಲಾರಿ ಗುಡುಗುಡು ಎಂದು ಹೊಳೆಗೆ ಇಳಿಯಿತು. ಬಿರುಕಿನಲ್ಲಿ ಸಿಕ್ಕಿಸಿದ್ದ ಸೌಟು ಅಲುಗಾಡಿತು, ಮೆಲ್ಲಗೆ ಜಾರಿತು, ಗೋಡೆಯ ಆಚೆ ಹೊಳೆಯ ಕಡೆಗೆ ಬಿತ್ತು.