ಸಾಯುವ ಪಾತ್ರಗಳು ‘ಬರ್ತೀನಿ’ ಎನ್ನುವ ಬಗ್ಗೆ

ಸಂಖ್ಯೆ: ಧ್ವನಿ/ಪಾತ್ರ/ರಾಕ್ಷಸರು/ಮರಣ (ತಡೆ)/07
ಸ್ಥಳ: ಧ್ವನಿಮುದ್ರಣ ಶಾಖೆ, ಚಾಮರಾಜಪೇಟೆ, ಬೆಂಗಳೂರು
ದಿನಾಂಕ: ತಿಂಗಳ ಕೊನೆಯ ದಿನ, ಶುಕ್ರವಾರ

ಸುತ್ತೋಲೆ

ವಿಷಯ: ‘ಕೆಂಡಗಿರಿ’ ಅನಿಮೇಷನ್ ಧಾರಾವಾಹಿಯಲ್ಲಿ ಮರಣ ಹೊಂದಬೇಕಾದ ಪಾತ್ರಗಳು ಮರಣ ಹೊಂದದೆ, ಹೋಗಿ ಬರುವುದಾಗಿ ತಿಳಿಸುತ್ತಿರುವ ಕುರಿತು.

ಉಲ್ಲೇಖ: (1) ನಿರ್ದೇಶಕ ಶ್ರೀ ನಿಶಾಂತ್ ಅವರ ದೂರು. (2) ಸದರಿ ನಿರ್ದೇಶಕರ ತಾಯಿ ಶ್ರೀಮತಿ ಶಶಿರೇಖಾ ಅವರು ಮಗನ ಮೇಲೆ ನೀಡಿರುವ ದೂರು. (3) ಇದೇ ವಿಷಯದ ಹಿಂದಿನ ಸುತ್ತೋಲೆಗಳು. ಇವುಗಳಲ್ಲಿ ಗಾಂಧಿ ಬಜಾರಿನಲ್ಲಿ ಮೆಂತ್ಯ ಸೊಪ್ಪು ಸುತ್ತಿಕೊಡುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿದೆ.

ಶಾಖೆಯ ಸಮಸ್ತ ಸಿಬ್ಬಂದಿ, ಧ್ವನಿ ಕಲಾವಿದರು, ರಾಕ್ಷಸರು ಹಾಗೂ ಇತರರ ಅವಗಾಹನೆಗೆ ತರುವುದೇನೆಂದರೆ:

ಇಲಾಖೆಯು ಮಕ್ಕಳಿಗಾಗಿ ತಯಾರಿಸುತ್ತಿರುವ ‘ಕೆಂಡಗಿರಿ’ಯು, ಬೆಂಕಿ ಉಗುಳುವ ಬೆಟ್ಟವೊಂದರ ಒಡೆತನಕ್ಕಾಗಿ ಘೋರಜಿಹ್ವೆ ಎಂಬ ರಾಕ್ಷಸಿಗೂ ಹಿಮಲೇಖಾ ಎಂಬ ರಾಜಕುಮಾರಿಗೂ ನಡೆಯುವ ಜಗಳದ ಕಥೆಯಾಗಿರುತ್ತದೆ. ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬರೆಯಲಾಗುತ್ತಿದ್ದು, ಮಾತನ್ನು ಮಾತ್ರ ಮನುಷ್ಯರಿಂದ ಪಡೆಯಲಾಗುತ್ತಿದೆ. ತೊಂದರೆ ಇಲ್ಲಿಂದಲೇ ಶುರುವಾಗಿದೆ.

ಘೋರಜಿಹ್ವೆಗೆ ಧ್ವನಿ ನೀಡುತ್ತಿರುವ ಶ್ರೀಮತಿ ಲಕ್ಕಮ್ಮನವರು ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವವರು. ಕೊತ್ತಂಬರಿ ಕಟ್ಟನ್ನು ಮೂಸಿ ನೋಡಿ, ಮೂಗು ಮುರಿದು, ವಾಪಸ್ ಇಟ್ಟ ಗಿರಾಕಿಯೊಬ್ಬರಿಗೆ ಅವರು ಆಡಿದ ಎರಡು ಮಾತು ರಸ್ತೆಯಾಚೆ ಕಾಫಿ ಕುಡಿಯುತ್ತಿದ್ದ ನಿರ್ದೇಶಕರ ಕಿವಿಗೆ ಬಿದ್ದು, ಲೋಟ ಕೈಜಾರಿ, ಅಂದೇ ನೇಮಕಾತಿ ಆಗಿರುತ್ತದೆ. ಅಂದಿನಿಂದ ಇಂದಿನವರೆಗೆ ಅವರ ಗರ್ಜನೆಯ ಬಗ್ಗೆ ಯಾವುದೇ ದೂರು ಬಂದಿಲ್ಲ. ಗೋಡೆಯ ಬಗ್ಗೆ ಬಂದಿದೆ. ಗಾರೆ ಉದುರುತ್ತಿದೆ.

ಕೊನೆಯ ಕಂತಿನಲ್ಲಿ ರಾಜಕುಮಾರಿಯು ರಾಕ್ಷಸಿಯ ಎದೆಗೆ ಮಂಜಿನ ಈಟಿ ಎಸೆಯತಕ್ಕದ್ದು. ರಾಕ್ಷಸಿಯು ಕೆಂಡದ ಹೊಂಡಕ್ಕೆ ಉರುಳುತ್ತ ‘ಹೋಗುತ್ತೇನೆ’ ಎಂಬ ಒಂದೇ ಮಾತು ಹೇಳಿ ಬೂದಿಯಾಗತಕ್ಕದ್ದು. ಲಕ್ಕಮ್ಮನವರು ಈಟಿಯನ್ನು ಒಪ್ಪಿದರು. ಹೊಂಡವನ್ನು ಒಪ್ಪಿದರು. ಬೂದಿಯನ್ನೂ ಒಪ್ಪಿದರು. ಮಾತನ್ನು ಮಾತ್ರ ಒಪ್ಪಲಿಲ್ಲ. ಪ್ರತಿ ಸಲವೂ ಹೊಂಡದ ಅಂಚಿನವರೆಗೆ ಬೆಟ್ಟ ನಡುಗುವಂತೆ ಚೀರಿಕೊಂಡು ಹೋಗಿ, ಅಲ್ಲಿ ಒಂದು ಕ್ಷಣ ನಿಂತು, ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟುವವರ ದನಿಯಲ್ಲಿ, “ಹೋಗ್ಬಿಟ್ ಬರ್ತೀನಿ ಕಣಮ್ಮಾ” ಎನ್ನುತ್ತಾರೆ. ರಾಜಕುಮಾರಿಗೆ ಧ್ವನಿ ನೀಡುವ ಹನುಮಂತನಗರದ ಕುಮಾರಿ ತೇಜಶ್ರೀ ಅವರೂ ಈಟಿ ಎಸೆದ ಉಸಿರಿನಲ್ಲೇ, ಬರವಣಿಗೆಯಲ್ಲಿ ಇಲ್ಲದಿದ್ದರೂ, “ಹೂಂ, ಹೋಗ್ಬನ್ನಿ” ಎನ್ನುತ್ತಾರೆ. ಕೇಳಿದರೆ, “ಸಾರಿ ಸಾರ್, ಬಾಯಿಗೆ ಬಂದ್ಬಿಡುತ್ತೆ” ಎಂಬ ಸಮಜಾಯಿಷಿ ನೀಡಿದ್ದಾರೆ.

ಈ ಸಂಬಂಧ ನಡೆದ ಚರ್ಚೆಯು, ಯಂತ್ರ ನಿಲ್ಲಿಸಲು ಮರೆತ ಕಾರಣ, ಯಥಾವತ್ತಾಗಿ ಮುದ್ರಿತವಾಗಿದೆ.

ನಿರ್ದೇಶಕರು: “ಲಕ್ಕಮ್ಮೋರೇ, ಅವ್ಳು ಸಾಯ್ತಿದಾಳೆ. ಇನ್ ಬರಲ್ಲ ಅವ್ಳು.”

ಲಕ್ಕಮ್ಮನವರು: “ಸಾಯೋಳು ಸಾಯ್ಲಪ್ಪ, ಬ್ಯಾಡ ಅಂದೋರ್ಯಾರು? ಹೋಗ್ತೀನಿ ಅಂತ ಯಾಕನ್ಬೇಕು? ನಿಮ್ಮನೇಲಿ ಹಂಗೇನಾ ಹೇಳ್ಕೊಟ್ಟಿರೋದು?”

ಇದು ಇಷ್ಟಕ್ಕೇ ನಿಂತಿದ್ದರೆ ಇಲಾಖೆ ಸುಮ್ಮನಿರುತ್ತಿತ್ತು. ಆದರೆ ‘ಬರ್ತೀನಿ’ ಎಂದು ಬಾಯಿಬಿಟ್ಟು ಹೇಳಿದ ಪಾತ್ರವು ಬಾರದೇ ಹೋದಲ್ಲಿ ಮಕ್ಕಳಿಗೆ ಸುಳ್ಳು ಕಲಿಸಿದಂತಾಗುತ್ತದೆ ಎಂದು ಕಥಾ ಶಾಖೆಯು ತೀರ್ಪು ನೀಡಿರುತ್ತದೆ. ಇದರಿಂದಾಗಿ ಹಿಂದಿನ ಭಾಗಗಳಲ್ಲಿ ಇದೇ ಮಾತು ಹೇಳಿ ಸತ್ತ ಒಂಟಿಕಣ್ಣಿನ ದೈತ್ಯ, ಹಾರುವ ಕೋಣ, ಇಬ್ಬರು ಮಂತ್ರವಾದಿಗಳು, ಎಲ್ಲರೂ ಆಡಿದ ಮಾತಿಗೆ ತಪ್ಪದೆ ವಾಪಸು ಬಂದಿದ್ದಾರೆ. ಹಬ್ಬದ ಹಿಂದಿನ ದಿನದ ಮೆಜೆಸ್ಟಿಕ್‌ನಂತೆ ಕೆಂಡಗಿರಿಯಲ್ಲಿ ಕಾಲಿಡಲು ಜಾಗವಿಲ್ಲ. ಹಾರುವ ಕೋಣವನ್ನು ಸದ್ಯ ಸಿಂಹಾಸನದ ಹಿಂದೆ ಕಟ್ಟಲಾಗಿದೆ. ಘೋರಜಿಹ್ವೆಯೂ ವಾಪಸು ಬಂದಲ್ಲಿ ಧಾರಾವಾಹಿ ಮುಗಿಯುವ ಲಕ್ಷಣವಿಲ್ಲ. ಆದುದರಿಂದ ಲಕ್ಕಮ್ಮನವರು ಇಂದು ‘ಹೋಗುತ್ತೇನೆ’ ಎನ್ನಬೇಕು, ಇಲ್ಲವೇ ರಾಕ್ಷಸಿಯ ಗಂಟಲನ್ನು ಬೇರೆಯವರಿಗೆ ಬಿಟ್ಟುಕೊಡಬೇಕು ಎಂದು ಅವರಿಗೆ ತಿಳುವಳಿಕೆ ನೀಡಿ, ಈ ಕೆಳಗಿನ ನಿಯಮಗಳನ್ನು ಹೊರಡಿಸಲಾಗಿದೆ.

1. ಸಾಯುವ ಪಾತ್ರವು ‘ಹೋಗುತ್ತೇನೆ’ ಎಂದಷ್ಟೇ ಹೇಳತಕ್ಕದ್ದು. ‘ಬರ್ತೀನಿ’, ‘ಬರ್ಲಾ’, ‘ಬರ್ತಾ ಇರ್ತೀನಿ’, ‘ಹಂಗೇ ಬಂದ್ಹೋಗ್ತೀನಿ’ ಎಂಬ ನಾಲ್ಕೂ ರೂಪಗಳನ್ನು ಈ ಮೂಲಕ ನಿಷೇಧಿಸಲಾಗಿದೆ. ಮಾತಾಡದೆ ಬರಿದೇ ಕೈಬೀಸುವುದನ್ನು ಬರುವುದೆಂದು ಪರಿಗಣಿಸಬೇಕೇ, ಹೋಗುವುದೆಂದು ಪರಿಗಣಿಸಬೇಕೇ ಎಂಬುದು ಪರಿಶೀಲನೆಯಲ್ಲಿದೆ.

2. ಕೊಂದ ಪಾತ್ರವು ಸಾಯುತ್ತಿರುವ ಪಾತ್ರಕ್ಕೆ ‘ಹುಷಾರಾಗ್ ಹೋಗಿ’, ‘ಊಟ ಮಾಡ್ಕೊಂಡ್ ಹೋಗ್ಬೋದಿತ್ತು’ ಎಂದು ಉಪಚರಿಸತಕ್ಕದ್ದಲ್ಲ. ಹೊರಟು ನಿಂತ ರಾಕ್ಷಸಿಗೆ ಕುಂಕುಮ ಕೊಡದೆ ಕಳುಹಿಸುವುದು ಹೇಗೆ ಎಂದು ಕುಮಾರಿ ತೇಜಶ್ರೀ ಅವರು ಎತ್ತಿರುವ ಆಕ್ಷೇಪಣೆಯನ್ನು, ರಾಕ್ಷಸಿಗೆ ಮದುವೆಯಾಗಿದೆಯೇ ಎಂಬ ಸ್ಪಷ್ಟನೆ ಕೋರಿ, ಕಥಾ ಶಾಖೆಗೆ ವರ್ಗಾಯಿಸಲಾಗಿದೆ.

3. ದೀಪ ಹಚ್ಚಿದ ಮೇಲೆ ‘ಹಾವು’ ಎನ್ನಬಾರದೆಂದು ಕಲಾವಿದರು ನೂರು ಹೆಡೆಯ ಶತಫಣಿಯನ್ನು ಸಂಜೆಯ ಧ್ವನಿಮುದ್ರಣಗಳಲ್ಲಿ ‘ಹುಳ’ ಎಂದು ಕರೆಯುತ್ತಿದ್ದಾರೆ. ಪರಿಣಾಮವಾಗಿ, ಕತ್ತಿ ಹಿಡಿದ ಇಡೀ ಸೈನ್ಯವೇ “ಅಯ್ಯೋ ಹುಳ, ಹುಳ” ಎಂದು ದಿಕ್ಕಾಪಾಲಾಗಿ ಓಡುವ ದೃಶ್ಯವನ್ನು ನೋಡಿದ ಮಕ್ಕಳು, ಅಕ್ಕಿಯಲ್ಲಿ ಬರುವ ಹುಳವೆಂದು ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ನೂರು ಹೆಡೆಗೂ ಒಬ್ಬರೇ ಧ್ವನಿ ನೀಡುತ್ತಿರುವ ಶ್ರೀ ಹರಿಕೃಷ್ಣ ಅವರು ಇದರಿಂದ ನೊಂದು, “ನಾನು ಹುಳ ಏನ್ರೀ?” ಎಂದು ಕೇಳಿ, ನಾಲ್ಕು ಹೆಡೆಗಳಿಂದ ಮಾತು ಬಿಟ್ಟಿದ್ದಾರೆ. ಇನ್ನುಮುಂದೆ ಸಂಜೆಯ ಹೊತ್ತು ಹಾವನ್ನು ‘ಸದರಿ ಪ್ರಾಣಿ’ ಎಂದು ಸಂಬೋಧಿಸತಕ್ಕದ್ದು. ಸೈನ್ಯವು “ಅಯ್ಯೋ ಸದರಿ ಪ್ರಾಣಿ” ಎಂದು ಓಡತಕ್ಕದ್ದು.

4. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಇದು ಎಲ್ಲರಿಗೂ ಗೊತ್ತಿರುವ ವಿಷಯವೆಂದು ಇಲಾಖೆ ತಿಳಿದಿತ್ತು. ರಾಕ್ಷಸಿಯ ಶಾಪದಲ್ಲಿ ‘ನಿನ್ನ ಬಳೆ ಒಡೆಯಲಿ’ ಎಂದಿದ್ದುದನ್ನು ಲಕ್ಕಮ್ಮನವರು, “ಹೆಣ್ ಕೂಸಿಗೆ ಹಂಗಂತಾರಾ?” ಎಂದು ತಾವೇ ತಿದ್ದಿ, ‘ನಿನ್ನ ಬಳೆ ಹೆಚ್ಚಲಿ’ ಎಂದು ಶಪಿಸಿದರು. ಚಿತ್ರ ಶಾಖೆಯ ಹುಡುಗರು ಮಾತು ಕೇಳಿಕೊಂಡು ಬರೆಯುವವರಾದ್ದರಿಂದ, ಒಡೆದ ಬಳೆಯ ಬದಲು ಹೆಚ್ಚು ಬಳೆ ಬರೆದರು. ರಾಜಕುಮಾರಿಗೆ ಈಗ ಮೊಣಕೈ ದಾಟಿ ಭುಜದವರೆಗೆ ಬಳೆಯಿದ್ದು, ಈಟಿ ಎತ್ತಲು ಕೈ ಮಡಚುತ್ತಿಲ್ಲ. ಆಕೆ ನಡೆದರೆ ಬಳೆಗಳ ಸದ್ದಿನಲ್ಲಿ ಯುದ್ಧದ ನಗಾರಿಯೂ ಕೇಳಿಸುತ್ತಿಲ್ಲ. ಶಾಪವು ತಪ್ಪಾಗಿ ಫಲಿಸಿದ್ದರೂ ಫಲಿಸಿದೆ ಎಂದು ಕಥಾ ಶಾಖೆ ಅಭಿಪ್ರಾಯಪಟ್ಟಿದೆ.

5. ಲಕ್ಕಮ್ಮನವರ ಬದಲಿಗೆ ಬೇರೆ ಗಂಟಲು ಹುಡುಕುವ ಸಲುವಾಗಿ ಪರೀಕ್ಷೆ ನಡೆಸಲಾಯಿತು. ಮಾತಾಡುವ ಬಂಡೆಯ ಪಾತ್ರದಲ್ಲಿ ಆರಂಭದಿಂದಲೂ ‘ಹೂಂ’ ಎಂಬುದನ್ನು ಬಿಟ್ಟು ಏನನ್ನೂ ಆಡದ ಶ್ರೀ ಧರ್ಮರಾಜು ಅವರನ್ನು ಕರೆತಂದು ಮೈಕಿನ ಮುಂದೆ ನಿಲ್ಲಿಸಿದಾಗ, ಅವರು ಬಹಳ ಹೊತ್ತು ಯೋಚಿಸಿ, ತಮ್ಮ ವೃತ್ತಿಜೀವನದ ಮೊದಲನೆಯ ಪೂರ್ಣ ವಾಕ್ಯವಾಗಿ, “ನಾನೂ ಬರ್ತೀನಿ” ಎಂದರು.

ಬೇಸತ್ತ ನಿರ್ದೇಶಕರು ಕೊನೆಗೆ ತಾವೇ ಮೈಕಿನ ಮುಂದೆ ನಿಂತು ‘ಹೋಗ್ತೀನಿ’ ಎಂದುಬಿಟ್ಟರು. ಶಂಕರಪುರಂನಿಂದ ಮಗನಿಗೆ ಡಬ್ಬಿಯಲ್ಲಿ ಅವರೆಕಾಳು ಉಪ್ಪಿಟ್ಟು ತಂದಿದ್ದ ಶ್ರೀಮತಿ ಶಶಿರೇಖಾ ಅವರು ಅದೇ ಹೊತ್ತಿಗೆ ಒಳಬಂದು, “ಬಾಯ್ ತೊಳ್ಕೊಳೋ ಮೊದ್ಲು! ಶುಕ್ರವಾರ ಬೇರೆ, ಏನ್ ಮಾತು ಅಂತ ಆಡ್ತೀಯ!” ಎಂದು, ಮುದ್ರಿತ ಮಾತಿದ್ದ ಪೆನ್ ಡ್ರೈವನ್ನು ಉಪ್ಪು ಮೆಣಸಿನಕಾಯಿಯ ಜೊತೆ ಮಗನಿಗೆ ನಿವಾಳಿಸಿ, ಮೂರು ದಾರಿ ಕೂಡುವಲ್ಲಿ ಎಸೆದು, ತಿರುಗಿ ನೋಡದೆ ಬಂದಿರುತ್ತಾರೆ. ಸದರಿ ಪೆನ್ ಡ್ರೈವನ್ನು ಯಾರೂ ದಾಟತಕ್ಕದ್ದಲ್ಲ.

6. ಧ್ವನಿ ಕಲಾವಿದರು ಕಥೆಯ ಗುಟ್ಟನ್ನು ಹೊರಗೆ ಬಿಡತಕ್ಕದ್ದಲ್ಲ. ಶಾಲೆ ಬಿಟ್ಟ ಮಕ್ಕಳು ಸೊಪ್ಪಿನ ಗುಡ್ಡೆಯ ಸುತ್ತ ನೆರೆದು, “ರಾಕ್ಷಸಿ ಅಜ್ಜಿ, ನೀನು ಸತ್ತೋಗ್ತೀಯಂತೆ, ಹೌದಾ?” ಎಂದು ಕೇಳಿದ್ದಕ್ಕೆ, ಲಕ್ಕಮ್ಮನವರು ಘೋರಜಿಹ್ವೆಯ ಅಧಿಕೃತ ದನಿಯಲ್ಲೇ, “ನಾನೆಲ್ಲೋಗ್ಲಿ ಮಕ್ಳಾ! ನಾಳಿಕ್ಕೆ ದಂಟಿನ್ ಸೊಪ್ಪು ಯಾರ್ ತರ್ತಾರೆ?” ಎಂದು ಗರ್ಜಿಸಿದ್ದಾರೆ. ಮಕ್ಕಳು ಕುಣಿದಿದ್ದಾರೆ. ಇದನ್ನು ಗುಟ್ಟು ಬಿಟ್ಟುಕೊಟ್ಟಂತೆ ಎಂದು ಪರಿಗಣಿಸಿ, ಕಾರಣ ಕೇಳಿ ಅವರಿಗೆ ತಿಳುವಳಿಕೆ ಪತ್ರ ನೀಡಲಾಯಿತು. ಅದರಲ್ಲಿ ಮೆಂತ್ಯ ಸೊಪ್ಪು ಹೋಯಿತು.

7. ಈ ದಿನ ಮಧ್ಯಾಹ್ನ ಕೆಳಗೆ ಸಹಿ ಮಾಡಿರುವ ಅಧಿಕಾರಿಯ ಮುಂದೆ ಅಂತಿಮ ವಿಚಾರಣೆ ನಡೆಯಿತು. ಒಂದು ಸಣ್ಣ ಮಾತಿಗಾಗಿ, ಗೋಡೆ ಬಿರಿಯುವಂಥ ಗಂಟಲನ್ನು ಕಳೆದುಕೊಳ್ಳಲು ತಯಾರಿದ್ದೀರಾ ಎಂದು ಲಕ್ಕಮ್ಮನವರನ್ನು ಕೇಳಲಾಯಿತು. ಅವರು ಮಡಿಲಲ್ಲಿದ್ದ ಕರಿಬೇವಿನ ಕಡ್ಡಿಯೊಂದರಿಂದ ಎಲೆ ಬಿಡಿಸುತ್ತ ಕೂತಿದ್ದು, ಆಮೇಲೆ ಹೇಳಿದ್ದು ಇಷ್ಟು: “ನಮ್ಮೆಜಮಾನ್ರು ಒಂದಿನ ಮುಂಜಾನೆ ಕಲಾಸಿಪಾಳ್ಯಕ್ಕೆ ಸೊಪ್ಪು ತರಕ್ ಹೊಂಟ್ರು ಸಾಮಿ. ಗಾಡಿ ಬಂದ್ಬಿಟ್ಟಿತ್ತು, ಅವಸರ. ಹೋಗ್ತೀನಿ ಅಂದ್ರು. ನಾನು ಒಳಗಿದ್ದೆ, ಬಂದು ಸರಿಮಾಡ್ಸನಾ ಅನ್ನೋ ಹೊತ್ಗೆ ಗಾಡಿ ತಿರುಗ್ಬಿಡ್ತು.”

ಯಜಮಾನರು ವಾಪಸಾದ ಬಗ್ಗೆ ಕಡತದಲ್ಲಿ ಯಾವುದೇ ಮಾಹಿತಿ ಇರುವುದಿಲ್ಲ. ಈ ಪ್ರಶ್ನೆಯನ್ನು ಅವರಿಗೆ ಇನ್ನೊಮ್ಮೆ ಕೇಳತಕ್ಕದ್ದಲ್ಲ. ವಿಚಾರಣೆಯನ್ನು ಕಾಫಿಗಾಗಿ ಮುಂದೂಡಲಾಯಿತು. ಕಾಫಿ ತಣ್ಣಗಾಯಿತು.

8. ಮೇಲ್ಕಂಡ ಹಿನ್ನೆಲೆಯಲ್ಲಿ, ಈ ಸುತ್ತೋಲೆಯ 1 ಮತ್ತು 2ನೇ ನಿಯಮಗಳನ್ನು ಹೊರಡಿಸಿದ ದಿನವೇ ಹಿಂಪಡೆಯಲಾಗಿದೆ. ‘ರದ್ದಾಗಿದೆ’ ಎನ್ನುವುದು ಶುಭವಲ್ಲವಾದ್ದರಿಂದ, ಸದರಿ ನಿಯಮಗಳು ‘ಹೆಚ್ಚಿವೆ’ ಎಂದು ಓದಿಕೊಳ್ಳತಕ್ಕದ್ದು. ಘೋರಜಿಹ್ವೆಯ ಪಾತ್ರದಲ್ಲಿ ಲಕ್ಕಮ್ಮನವರನ್ನೇ ಮುಂದುವರಿಸಲಾಗಿದೆ. ರಾಕ್ಷಸಿಯು ಈಟಿ ತಿಂದು, ಹೊಂಡದ ಅಂಚಿನಲ್ಲಿ ನಿಂತು, ‘ಹೋಗ್ಬಿಟ್ ಬರ್ತೀನಿ’ ಎನ್ನತಕ್ಕದ್ದು. ರಾಜಕುಮಾರಿಯು ‘ಹೂಂ, ಹೋಗ್ಬನ್ನಿ’ ಎನ್ನತಕ್ಕದ್ದು. ಅದಕ್ಕೂ ಮೊದಲು, ರಾಕ್ಷಸಿಯ ಮದುವೆಯ ಬಗ್ಗೆ ಸ್ಪಷ್ಟನೆಗೆ ಕಾಯದೆ, ಕುಂಕುಮ ಕೊಡತಕ್ಕದ್ದು. ಕೈ ಮಡಚದಿದ್ದಲ್ಲಿ ಹಾರುವ ಕೋಣದ ಸಹಾಯ ಪಡೆಯಬಹುದು. ಕೊನೆಯಲ್ಲಿ ‘ಮುಗಿಯಿತು’ ಎಂದು ತೋರಿಸದೆ ‘ಕಥೆ ಹೆಚ್ಚಿತು’ ಎಂದು ತೋರಿಸತಕ್ಕದ್ದು. ಇದನ್ನು ಓದಿ ಚಿತ್ರ ಶಾಖೆಯ ಹುಡುಗರು ಇನ್ನಷ್ಟು ಕಥೆ ಬರೆಯಲು ಕೂರತಕ್ಕದ್ದಲ್ಲ.

9. ಕೆಳಗೆ ಸಹಿ ಮಾಡಿರುವ ಅಧಿಕಾರಿಯು ಈ ದಿನ ಸಂಜೆ ಸೇವೆಯಿಂದ ನಿವೃತ್ತರಾಗಿರುತ್ತಾರೆ. ಧ್ವನಿಮುದ್ರಣ ಕೊಠಡಿಯಲ್ಲೇ ಹಾರ ಹಾಕಿ, ಮೈಸೂರು ಪಾಕು ಕೊಟ್ಟು, ಎರಡು ಮಾತಾಡಲು ಕೋರಲಾಯಿತು. ನಿಯಮ ಪಾಲನೆಯಲ್ಲಿ ತಲೆಗೂದಲು ಹಣ್ಣಾದ ಸದರಿ ಅಧಿಕಾರಿಯು, ಇಲಾಖೆಯ ಮಾನ ಉಳಿಸುವ ಸಲುವಾಗಿ, ಕನಿಷ್ಠ ತಾನಾದರೂ ‘ಹೋಗುತ್ತೇನೆ’ ಎಂದು ಹೇಳಿ ತೋರಿಸಬೇಕೆಂದು ಮೈಕಿನ ಹತ್ತಿರ ಹೋಗಿರುತ್ತಾರೆ. ಗಂಟಲು ಸರಿಮಾಡಿಕೊಂಡಿರುತ್ತಾರೆ. ಬಾಯಿಗೆ ಬಂದದ್ದು, “ಸರಿ, ಬರ್ತೀನ್ರಪ್ಪ” ಎಂದು.

ರಾಜಕುಮಾರಿ, ಬಂಡೆ, ಮುನಿಸಿಕೊಂಡಿದ್ದ ನಾಲ್ಕು ಹೆಡೆ ಸೇರಿದಂತೆ ಇಡೀ ನೂರು ಹೆಡೆಯ ಸದರಿ ಪ್ರಾಣಿ, ಎಲ್ಲರೂ ಒಕ್ಕೊರಲಿನಿಂದ, “ಹೂಂ, ಬನ್ನಿ ಸಾರ್” ಎಂದಿದ್ದಾರೆ. ಗಾರೆ ಉದುರಿದೆ.

10. ‘ಬರ್ತೀನಿ’ ಎಂದ ಪಾತ್ರವು ಬರಲೇಬೇಕೆಂಬ ಕಥಾ ಶಾಖೆಯ ತೀರ್ಪು ಜಾರಿಯಲ್ಲಿರುವುದರಿಂದ, ಸದರಿ ಅಧಿಕಾರಿಯು ಸೋಮವಾರ ಬೆಳಿಗ್ಗೆ ಎಂದಿನಂತೆ ಹಾಜರಾಗತಕ್ಕದ್ದು. ಕುರ್ಚಿಗೆ ಬೇರೆಯವರು ಬಂದಿರುವುದರಿಂದ ಅವರಿಗೆ ಪಾತ್ರವೊಂದನ್ನು ಹುಡುಕುವುದು ಅನಿವಾರ್ಯವಾಗಿದ್ದು, ಲಕ್ಕಮ್ಮನವರು, “ಹೊಂಡಕ್ಕೆ ಗಂಟ್ಲು ಯಾರೂ ಸಿಕ್ಕಿಲ್ವಲ್ಲ, ನೀವೇ ಕೊತಕೊತ ಅನ್ನಿ ಸಾಮಿ, ನಾನು ಬಿದ್ದಾಗ ಹಿಡ್ಕೊಳಿ” ಎಂದು ಮಾಡಿರುವ ಶಿಫಾರಸನ್ನು ಅಂಗೀಕರಿಸಲಾಗಿದೆ. ಅಧಿಕಾರಿಯು ಮನೆಯಲ್ಲಿ ಅಭ್ಯಾಸ ಆರಂಭಿಸಿರುತ್ತಾರೆ.

(ಸಹಿ)
ಎಂ. ಮುನಿಸ್ವಾಮಿ
ಉಪನಿರ್ದೇಶಕರು (ನಿವೃತ್ತ, ಬರ್ತಾರೆ)
ಹಾಗೂ ಕೆಂಡದ ಹೊಂಡ (ಪ್ರಭಾರ)

ಪ್ರತಿಗಳು:

ಶ್ರೀ ನಿಶಾಂತ್, ನಿರ್ದೇಶಕರು: ಪಾಲಿಸಲು.
ಶ್ರೀಮತಿ ಶಶಿರೇಖಾ, ಶಂಕರಪುರಂ: ಮಗ ಪಾಲಿಸುವುದನ್ನು ನೋಡಿಕೊಳ್ಳಲು. ಉಪ್ಪಿಟ್ಟಿನ ಡಬ್ಬಿ ಕಛೇರಿಯಲ್ಲಿದೆ.
ಶ್ರೀ ಹರಿಕೃಷ್ಣ: ನೂರು ಪ್ರತಿ, ಹೆಡೆಗೊಂದರಂತೆ.
ಶ್ರೀ ಧರ್ಮರಾಜು: ಮಾಹಿತಿಗಾಗಿ. ‘ಹೂಂ’ ಎಂದು ಸ್ವೀಕೃತಿ ಬಂದಿದೆ.
ಕುಮಾರಿ ತೇಜಶ್ರೀ: ಕುಂಕುಮದ ಭರಣಿಯೊಂದಿಗೆ.
ಚಿತ್ರ ಶಾಖೆ: ಬಳೆ ಇಳಿಸಲು. ಒಡೆಯತಕ್ಕದ್ದಲ್ಲ.
ಪಿಂಚಣಿ ಶಾಖೆ: ಗೊಂದಲಕ್ಕಾಗಿ.
ಶ್ರೀಮತಿ ಲಕ್ಕಮ್ಮ, ಗಾಂಧಿ ಬಜಾರ್: ಸೊಪ್ಪು ಸುತ್ತಿಕೊಡಲು. ಈ ಬಾರಿ ಇಲಾಖೆಯ ಅಭ್ಯಂತರವಿಲ್ಲ.